ಅಜ್ಜಿಯ ಅಂಕ ಆರು

ಹೊರಗೆ ಹೋಗಿ ಹೊಸದೇನಾದರೂ ಮಾಡುವುದಕ್ಕಿಂತ ಮನೆಯಲ್ಲೇ ಇರೋಣ ಅನ್ನಿಸುತ್ತದೆಯೇ? ಹೌದು ಎಂದರೆ ಒಂದು ಅಂಕ. ಮೊದಲು ಮಾಡುತ್ತಿದ್ದ ಎಷ್ಟೋ ಕೆಲಸ, ಇಟ್ಟುಕೊಂಡಿದ್ದ ಎಷ್ಟೋ ಆಸಕ್ತಿ ಬಿಟ್ಟುಬಿಟ್ಟಿದ್ದೀರಾ? ಹೌದು ಎಂದರೆ ಇನ್ನೊಂದು. ಮೈಯಲ್ಲಿ ತುಂಬು ಚೈತನ್ಯ ಇದೆಯೇ? ಇಲ್ಲ ಎಂದರೆ ಮತ್ತೊಂದು. ಇಂಥ 15 ಪ್ರಶ್ನೆಗಳು, ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ ಎಂಬ ಉತ್ತರ. ಮೊತ್ತ 5 ದಾಟಿದರೆ ಆ ಹಿರಿಯರಿಗೆ ಖಿನ್ನತೆ ಇರಬಹುದು, ಮುಂದಿನ ಪರೀಕ್ಷೆ ಆಗಬೇಕು ಎಂದು ಲೆಕ್ಕ. ಜೀರಿಯಾಟ್ರಿಕ್ ಡಿಪ್ರೆಶನ್ ಸ್ಕೇಲ್ ಎಂಬ ಈ ಪ್ರಶ್ನಾವಳಿ, ವಯಸ್ಸಾದವರ ಮನಸ್ಸಿನ ಸ್ಥಿತಿ ತಿಳಿಯಲು ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಸಾಧನಗಳಲ್ಲಿ ಒಂದು. ನಮ್ಮ ದೇಶದ ಅಧ್ಯಯನಗಳಲ್ಲೂ ಇದು ಮತ್ತೆ ಮತ್ತೆ ಎದುರಾಗುತ್ತದೆ.

ಮಂಡ್ಯ ಸೀಮೆಯ ಹಳ್ಳಿಯೊಂದರ 72 ವರ್ಷದ ಒಬ್ಬ ಅಜ್ಜಿಯನ್ನು ಊಹಿಸಿಕೊಳ್ಳಿ. ಮಂಡಿನೋವು, ಜಗಲಿ ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ. ಬೀಗದ ಕೈ ಸೊಸೆಗೆ ಒಪ್ಪಿಸಿ ವರ್ಷಗಳಾದವು. ಗದ್ದೆ, ಹಸು, ಡೈರಿಯ ಹಾಲಿನ ಲೆಕ್ಕ ಎಲ್ಲ ಮಗನದು. ಮೈಯಲ್ಲಿ ಮೊದಲಿನ ಕಸುವಿಲ್ಲ. ನೆನಪು ಜಾರುತ್ತದೆ ಎಂದು ಅವರೇ ಹೇಳುತ್ತಾರೆ. ಪಕ್ಕದ ಮನೆಯವರ ಮಗ ಬೆಂಗಳೂರಿನಲ್ಲಿ ಮನೆ ಕಟ್ಟಿಸಿದ್ದಾನೆ, ಅವರೆಲ್ಲ ತಮಗಿಂತ ಅನುಕೂಲವಾಗಿದ್ದಾರೆ ಎಂಬುದರಲ್ಲಿ ಅಜ್ಜಿಗೆ ಅನುಮಾನವಿಲ್ಲ. ಈಗ ಬದುಕಿರುವುದೇ ಒಂದು ಸೊಗಸು ಅನ್ನಿಸುತ್ತದೆಯೇ ಎಂದು ಕೇಳಿದರೆ ನಕ್ಕುಬಿಡುತ್ತಾರೆ: "ಏನೋ ಇವ್ನಿ ಕಣವ್ವ. ಊರು ಹೋಗು ಅಂತದೆ, ಕಾಡು ಬಾ ಅಂತದೆ." ಕೂಡಿ ನೋಡಿ, ಆರು ಅಂಕ. ಆದರೆ ಇದೇ ಅಜ್ಜಿ ಹೊತ್ತಿಗೆ ಸರಿಯಾಗಿ ಮುದ್ದೆ ಉಣ್ಣುತ್ತಾರೆ, ಮಲಗಿದೊಡನೆ ನಿದ್ದೆ ಹೋಗುತ್ತಾರೆ, ಮೊಮ್ಮಗಳಿಗೆ ಜಡೆ ಹಾಕುತ್ತಾ ಊರಿನ ಕಥೆಯನ್ನೆಲ್ಲ ಹೇಳುತ್ತಾರೆ. ಸಂಸಾರದ ಭಾರ ಇಳಿಸಿ ಕೂತಿದ್ದೇನೆ ಎಂಬ ನೆಮ್ಮದಿ ಅವರದು.

ಅದೇ ಊರಿನಲ್ಲಿ 68ರ ಒಬ್ಬ ಯಜಮಾನರನ್ನೂ ಊಹಿಸಿಕೊಳ್ಳಿ. ಹೆಂಡತಿ ತೀರಿಹೋಗಿ ಎರಡು ವರ್ಷ. ಎದೆಯುರಿ, ತಲೆ ಭಾರ, ಕೈಕಾಲು ಜೋಮು. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ಕಣ್ಣು ಹತ್ತುವುದಿಲ್ಲ. ಊಟ ಸೇರುತ್ತಿಲ್ಲ, ಅಂಗಿ ದೊಗಳೆಯಾಗಿದೆ. ಗ್ಯಾಸಿನ ಮಾತ್ರೆ ನುಂಗುತ್ತಾ ಒಬ್ಬ ಡಾಕ್ಟರಿಂದ ಇನ್ನೊಬ್ಬರ ಹತ್ತಿರ ಅಲೆಯುತ್ತಿದ್ದಾರೆ. ಬದುಕು ತೃಪ್ತಿ ತಂದಿದೆಯೇ ಎಂದರೆ "ದೇವರು ಏನೂ ಕಡಿಮೆ ಮಾಡಿಲ್ಲ" ಅನ್ನುತ್ತಾರೆ. ಬದುಕು ಖಾಲಿ ಅನ್ನಿಸುತ್ತದೆಯೇ ಎಂದರೆ "ಮಕ್ಕಳು ಮರಿ ಎಲ್ಲ ಇದ್ದಾರಲ್ಲ" ಅನ್ನುತ್ತಾರೆ. ನಿಮ್ಮಿಂದ ಏನೂ ಪ್ರಯೋಜನವಿಲ್ಲ ಅನ್ನಿಸುತ್ತದೆಯೇ ಎಂದು ಊರ ಯಜಮಾನನನ್ನು ಕೇಳಿದರೆ ಹೌದು ಎನ್ನುವ ಮಾತೇ ಇಲ್ಲ. ಅವರ ಅಂಕ ಎರಡೋ ಮೂರೋ. ಪಟ್ಟಿಯ ಪ್ರಕಾರ ಅವರು ಚೆನ್ನಾಗಿದ್ದಾರೆ.

ಇವರಿಬ್ಬರೂ ಉದಾಹರಣೆಗಾಗಿ ಕಲ್ಪಿಸಿಕೊಂಡವರು. ಆದರೆ ಹಿರಿಯರಿರುವ ಮನೆಯವರಿಗೆ ಇಬ್ಬರ ಗುರುತೂ ಸಿಕ್ಕಿರುತ್ತದೆ. ಚೆನ್ನಾಗಿರುವವರನ್ನು ರೋಗಿ ಎಂದು ಎಣಿಸುವುದು, ನಿಜವಾಗಿ ನರಳುತ್ತಿರುವವರನ್ನು ಬಿಟ್ಟುಬಿಡುವುದು, ಈ ಎರಡು ತಪ್ಪೂ ಒಂದೇ ಪಟ್ಟಿಯಿಂದ ಒಂದೇ ಊರಿನಲ್ಲಿ ಆಗಬಹುದು. ಮೊದಲನೆಯದು ಅಂಕಿಅಂಶವನ್ನು ಕೆಡಿಸುತ್ತದೆ. ಎರಡನೆಯದು ಜೀವಕ್ಕೇ ಕುತ್ತಾಗಬಹುದು.

ಈ ಪಟ್ಟಿಯನ್ನು ಮಾಡಿದವರು ಅಜಾಗರೂಕರೇನಲ್ಲ. 1980ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಮನೋವೈದ್ಯ ಜೆರೋಮ್ ಎಸಾವೇಜ್ ಮತ್ತು ಸಂಗಡಿಗರು ಮೊದಲು 100 ಪ್ರಶ್ನೆ ಬರೆದು ಪರೀಕ್ಷಿಸಿ, ಅದರಲ್ಲಿ 30 ಆರಿಸಿಕೊಂಡರು. 1986ರಲ್ಲಿ ಜಾವೈದ್ ಶೇಖ್ ಮತ್ತು ಎಸಾವೇಜ್ ಅದನ್ನು 15ಕ್ಕೆ ಇಳಿಸಿದರು. ಅವರು ಬೇಕೆಂದೇ ಒಂದು ಕೆಲಸ ಮಾಡಿದರು: ನಿದ್ದೆ, ಹಸಿವು, ನೋವು, ಮಲಬದ್ಧತೆಯಂಥ ದೇಹದ ದೂರುಗಳನ್ನು ಪಟ್ಟಿಯಿಂದ ಕೈಬಿಟ್ಟರು. ಕಾರಣ ಸರಿಯಾಗಿಯೇ ಇತ್ತು. ವಯಸ್ಸಾದ ಮೇಲೆ ಮನಸ್ಸು ಎಷ್ಟೇ ಚೆನ್ನಾಗಿದ್ದರೂ ನಿದ್ದೆ ಕಡಿಮೆಯಾಗುತ್ತದೆ, ಕೀಲು ನೋಯುತ್ತದೆ. ಇವನ್ನೂ ಎಣಿಸಿದರೆ ಎಲ್ಲ ಮುದುಕರೂ ಖಿನ್ನರೆಂದೇ ತೋರಿಯಾರು. ಹಾಗಾಗಿ ಮನಸ್ಸಿನ ಮಾತುಗಳನ್ನು ಮಾತ್ರ ಉಳಿಸಿಕೊಂಡರು. ಮನಸ್ಸಿನ ಮಾತನ್ನು ನೇರವಾಗಿ ಆಡುವ ರೂಢಿ ಇರುವ ಕಡೆ ಇದು ಒಳ್ಳೆಯ ಉಪಾಯ. ನೋವನ್ನು ಮೈಮೂಲಕವೇ ಹೇಳಿಕೊಳ್ಳುವ ನಮ್ಮ ಯಜಮಾನರಂಥವರಿಗೆ ಇದ್ದ ಒಂದೇ ಬಾಗಿಲನ್ನೂ ಅದು ಮುಚ್ಚಿಬಿಡುತ್ತದೆ.

ಇನ್ನೊಂದು ಸಂಗತಿ ಪ್ರಶ್ನೆಗಳ ಹಿಂದೆ ಅಡಗಿದೆ. ಒಳ್ಳೆಯ ಮುಪ್ಪು ಎಂದರೆ ಹೇಗಿರಬೇಕು ಎಂಬ ಒಂದು ಚಿತ್ರ ಅದು. ಓಡಾಡಿಕೊಂಡು, ಹೊಸ ಹವ್ಯಾಸ ಹಚ್ಚಿಕೊಂಡು, ಯಾರ ಹಂಗೂ ಇಲ್ಲದೆ, ತನ್ನ ಬದುಕು ತನ್ನ ಕೈಯಲ್ಲಿ ಎಂದು ಇರುವವರೇ ಅಲ್ಲಿ ಆರೋಗ್ಯವಂತ ಹಿರಿಯರು. ನಮ್ಮಲ್ಲಿ ಹಿಂದಿನಿಂದ ಬಂದ ಚಿತ್ರ ಬೇರೆ. ಜವಾಬ್ದಾರಿಯನ್ನು ಒಂದೊಂದಾಗಿ ಮಕ್ಕಳಿಗೆ ಒಪ್ಪಿಸಿ, ಆಸೆ ತಗ್ಗಿಸಿಕೊಂಡು, ಮಗ ಸೊಸೆ ನೋಡಿಕೊಳ್ಳುತ್ತಾರೆ ಎಂದು ಹೇಳಿಕೊಳ್ಳುವಂತಿರುವುದೇ ಇಲ್ಲಿ ಪುಣ್ಯವಂತರ ಲಕ್ಷಣ. ಯಾವ ಚಿತ್ರ ಮೇಲು ಎಂಬುದು ಇಲ್ಲಿನ ಪ್ರಶ್ನೆಯಲ್ಲ. ಎರಡರಲ್ಲೂ ಸುಖಪಡುವವರಿದ್ದಾರೆ, ಎರಡರಲ್ಲೂ ಕೊರಗುವವರಿದ್ದಾರೆ. ಒಂದು ಚಿತ್ರವನ್ನು ಅಳತೆಗೋಲು ಮಾಡಿಕೊಂಡು ಇನ್ನೊಂದರಲ್ಲಿ ಬಾಳಿದವರನ್ನು ಅಳೆಯಲು ಹೊರಟಾಗ ತೊಡಕು ಶುರುವಾಗುತ್ತದೆ. ಸಾಮಾನ್ಯವಾಗಿ ಈ ವಿಷಯ ಬಂದೊಡನೆ ಅನುವಾದದ ಚರ್ಚೆಗೆ ಇಳಿಯುತ್ತೇವೆ, ಈ ಪದ ಸರಿಯೋ ಆ ಪದ ಸರಿಯೋ ಎಂದು. ಅದೂ ಬೇಕು. ಆದರೆ ಪದಗಳನ್ನೆಲ್ಲ ತಿದ್ದಿ ಚೊಕ್ಕ ಕನ್ನಡದಲ್ಲಿ ಕೇಳಿದರೂ ನಮ್ಮ ಅಜ್ಜಿಯ ಅಂಕ ಆರೇ ಆಗಿರುತ್ತದೆ.

ಪ್ರಶ್ನೆಯೊಂದು ಪಕ್ಷಪಾತಿ ಎಂದು ಬರೀ ಅನಿಸಿಕೆಯಿಂದ ಹೇಳಿದರೆ ಸಾಲದು. ಅದನ್ನು ಪತ್ತೆ ಮಾಡುವ ವಿಧಾನವೂ ಇದೆ. ಒಟ್ಟು ಖಿನ್ನತೆಯ ಮಟ್ಟ ಸರಿಸಮನಾಗಿರುವ ಎರಡು ಗುಂಪಿನ ಜನರನ್ನು ತೆಗೆದುಕೊಳ್ಳಬೇಕು. ಒಂದು ನಿರ್ದಿಷ್ಟ ಪ್ರಶ್ನೆಗೆ ಮಾತ್ರ ಒಂದು ಗುಂಪಿನವರು ಎದ್ದು ಕಾಣುವಷ್ಟು ಹೆಚ್ಚು ಹೌದು ಎನ್ನುತ್ತಿದ್ದರೆ, ಆ ಪ್ರಶ್ನೆ ಖಿನ್ನತೆಯ ಜೊತೆಗೆ ಬೇರೇನನ್ನೋ ಅಳೆಯುತ್ತಿದೆ ಎಂದರ್ಥ. ಅಮೆರಿಕದ ನ್ಯೂಹೇವನ್ ನಗರದ 65 ದಾಟಿದ ಎರಡು ಸಾವಿರಕ್ಕೂ ಹೆಚ್ಚು ಜನರ ಉತ್ತರಗಳನ್ನು ಸ್ಟೀಫನ್ ಕೋಲ್ ಮತ್ತು ಸಂಗಡಿಗರು ಹೀಗೆ ಜಾಲಾಡಿ 2000ದಲ್ಲಿ ಪ್ರಕಟಿಸಿದರು. ಅವರು ನೋಡಿದ್ದು ಸಿಇಎಸ್-ಡಿ ಎಂಬ ಇನ್ನೊಂದು ಪ್ರಸಿದ್ಧ ಪಟ್ಟಿಯನ್ನು. 1977ರಲ್ಲಿ ಲೆನೋರ್ ರಾಡ್ಲಾಫ್ ಪ್ರಕಟಿಸಿದ ಅದರಲ್ಲಿ 20 ಹೇಳಿಕೆಗಳಿವೆ. ಜನ ನನ್ನೊಡನೆ ಸ್ನೇಹದಿಂದ ಇರಲಿಲ್ಲ, ಜನರಿಗೆ ನನ್ನನ್ನು ಕಂಡರೆ ಆಗುವುದಿಲ್ಲ ಎಂಬ ಎರಡು ಹೇಳಿಕೆಗಳನ್ನು, ಅಷ್ಟೇ ಖಿನ್ನತೆಯಿದ್ದ ಬಿಳಿಯರಿಗಿಂತ ಕಪ್ಪು ಹಿರಿಯರು ಒಪ್ಪುವ ಸಂಭವ ಎರಡು ಪಟ್ಟಿಗೂ ಹೆಚ್ಚಿತ್ತು. ಅಳು ಬರುತ್ತಿತ್ತು ಎಂಬ ಹೇಳಿಕೆಯಲ್ಲಿ ಹೆಂಗಸರೂ ಗಂಡಸರೂ ಹಾಗೆಯೇ ಬೇರೆಯಾದರು.

ಜನಾಂಗಭೇದದ ನಡುವೆ ಎಪ್ಪತ್ತು ವರ್ಷ ಬಾಳಿದ ಒಬ್ಬ ಕಪ್ಪು ಮಹಿಳೆ "ಜನ ನನ್ನೊಡನೆ ಸ್ನೇಹದಿಂದ ಇಲ್ಲ" ಎಂದರೆ ಅದು ಕುಗ್ಗಿದ ಮನಸ್ಸಿನ ಭ್ರಮೆಯಾಗಬೇಕಿಲ್ಲ. ಕಂಡದ್ದನ್ನು ಹೇಳಿದ್ದಾರೆ. ಈ ಸಂಶೋಧನೆಯ ಬಗ್ಗೆ ಓದುವಾಗಲೆಲ್ಲ ನನ್ನ ಮನಸ್ಸು ನಮ್ಮ ಊರುಗಳ ಕಡೆಗೇ ಹೋಗುತ್ತದೆ. ಹೋಟೆಲಿನಲ್ಲಿ ಬೇರೆ ಲೋಟದಲ್ಲಿ ಚಹಾ ಕುಡಿದು, ದೇವಸ್ಥಾನದ ಹೊರಗೇ ನಿಂತು ಮುಪ್ಪಾದ ದಲಿತ ಕೇರಿಯ ಅಜ್ಜನಿಗೆ ಈ ಪ್ರಶ್ನೆ ಕೇಳಿದರೆ ಏನು ಹೇಳಿಯಾರು? ಗಂಡ ಸತ್ತ ಮೇಲೆ ಮದುವೆ, ಸೀಮಂತ, ಆರತಿಗಳಲ್ಲಿ ಹಿಂದೆ ಸರಿದು ನಿಲ್ಲುವುದನ್ನು ಕಲಿತ ಹೆಂಗಸು ಏನು ಹೇಳಿಯಾರು? ಹಾಗೆಂದು ಇಂಥ ಪ್ರಶ್ನೆಗಳನ್ನು ಕಿತ್ತುಹಾಕಿದರೆ ಆಯಿತು ಎನ್ನುವಂತೆಯೂ ಇಲ್ಲ. ಅವಮಾನ ನಿಜವೆಂಬುದರ ಜೊತೆಗೆ, ಆ ಅವಮಾನವೇ ಮನುಷ್ಯನನ್ನು ಖಿನ್ನತೆಗೆ ತಳ್ಳಬಲ್ಲದು ಎಂಬುದೂ ನಿಜ. ಒಂದು ಅಂಕ ಕೊಟ್ಟು ಮುಂದಿನ ಪ್ರಶ್ನೆಗೆ ಹೋಗುವವರಿಗೆ ಈ ಎರಡನ್ನು ಬಿಡಿಸಿ ನೋಡಲು ಆಗುವುದಿಲ್ಲ.

ಅದೇ ಸಿಇಎಸ್-ಡಿ ಪಟ್ಟಿಯಲ್ಲಿ ನಾಲ್ಕು ಹೇಳಿಕೆಗಳು ಸಂತೋಷದ ಬಗ್ಗೆ ಇವೆ. ನಾನು ಸಂತೋಷವಾಗಿದ್ದೆ, ಬದುಕನ್ನು ಸವಿದೆ, ಮುಂದಿನ ದಿನಗಳ ಬಗ್ಗೆ ಭರವಸೆಯಿತ್ತು, ಯಾರಿಗೂ ನಾನು ಕಡಿಮೆಯಲ್ಲ ಅನ್ನಿಸಿತು ಎಂದು. ಇವನ್ನು ಒಪ್ಪದಿದ್ದರೆ ಅಂಕ ಏರುತ್ತದೆ. ಜಪಾನಿನ ನೊಬೊರು ಇವಾತ ತಮ್ಮ ದೇಶದವರು ಈ ನಾಲ್ಕು ಹೇಳಿಕೆಗಳನ್ನು ಒಪ್ಪಲು ಹಿಂಜರಿಯುತ್ತಾರೆಂದೂ, ದುಃಖದ ಪ್ರಶ್ನೆಗಳಲ್ಲಿ ಅಷ್ಟೇನೂ ವ್ಯತ್ಯಾಸವಿಲ್ಲವೆಂದೂ 1990ರ ದಶಕದಲ್ಲೇ ತೋರಿಸಿದರು. 2010ರಲ್ಲಿ ಯೂರಿ ಜಾಂಗ್ ಮತ್ತು ಸಂಗಡಿಗರು ಕೊರಿಯಾದ ಹಿರಿಯರನ್ನು, ಅಮೆರಿಕಕ್ಕೆ ಹೋಗಿ ನೆಲೆಸಿದ ಕೊರಿಯನ್ ಹಿರಿಯರನ್ನು ಮತ್ತು ಅಲ್ಲಿನ ಬಿಳಿಯರನ್ನು ಜೊತೆಗಿಟ್ಟು ನೋಡಿದಾಗಲೂ ಇದೇ ಸಂಗತಿ ಕಂಡಿತು. ಸಂತೋಷವಾಗಿದ್ದೇನೆ ಎಂದು ಹೇಳದಿರುವುದಕ್ಕೂ ಸಂತೋಷವೇ ಇಲ್ಲದಿರುವುದಕ್ಕೂ ಅಂತರವಿದೆ. ಕನ್ನಡದ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚೆನ್ನಾಗಿದ್ದೇನೆ ಎಂದು ಬಾಯಿಬಿಟ್ಟು ಹೇಳಿದರೆ ದೃಷ್ಟಿ ತಾಗೀತು ಎಂದು ಅಂಜುವ ಮನೆಗಳಲ್ಲಿ ಬೆಳೆದವರು ನಾವು. ಯಾರಿಗೂ ನಾನು ಕಡಿಮೆಯಲ್ಲ ಎನ್ನುವುದು ನಮ್ಮ ಹಿರಿಯರ ಕಿವಿಗೆ ಆತ್ಮವಿಶ್ವಾಸದ ಹಾಗೆ ಕೇಳಿಸದು, ಅಹಂಕಾರದ ಹಾಗೆ ಕೇಳಿಸುತ್ತದೆ. ದೇವರು ನಡೆಸಿದ ಹಾಗೆ ನಡೀತಿದೆ ಎಂಬುದೇ ಅವರ ನೆಮ್ಮದಿಯ ಉತ್ತರ.

ದೇಹದ ದೂರುಗಳ ಮಾತಿಗೆ ಮರಳಬೇಕು. ಈ ವಿಷಯದ ತಿರುಳು ಇರುವುದು ಅಲ್ಲೇ ಎಂದು ನನ್ನ ನಂಬಿಕೆ. ಏಷ್ಯಾದವರು ಮನಸ್ಸಿನ ನೋವನ್ನು ಗುರುತಿಸಲಾರರು, ಹಾಗಾಗಿ ಅದನ್ನು ಮೈನೋವಾಗಿ ಅನುಭವಿಸುತ್ತಾರೆ ಎಂಬ ಮಾತು ಬಹುಕಾಲ ಚಾಲ್ತಿಯಲ್ಲಿತ್ತು. ಚೀನಾದ ಚಾಂಗ್ಶಾದಲ್ಲಿ ನರದೌರ್ಬಲ್ಯವೆಂದು ಚಿಕಿತ್ಸೆ ಪಡೆಯುತ್ತಿದ್ದ 100 ರೋಗಿಗಳನ್ನು ಅಮೆರಿಕದ ಮನೋವೈದ್ಯ, ಮಾನವಶಾಸ್ತ್ರಜ್ಞ ಆರ್ಥರ್ ಕ್ಲೈನ್‌ಮನ್ ಮಾತನಾಡಿಸಿ, ಅವರಲ್ಲಿ 87 ಜನರಿಗೆ ಖಿನ್ನತೆಯ ಲಕ್ಷಣಗಳೆಲ್ಲ ಇದ್ದವೆಂದು 1982ರಲ್ಲಿ ಬರೆದದ್ದು ಈ ಚರ್ಚೆಗೆ ದೊಡ್ಡ ತಿರುವು ಕೊಟ್ಟಿತು. ಆದರೆ ನಮಗೆ ಹೆಚ್ಚು ಬೆಳಕು ಕೊಡುವುದು ಬೆಂಗಳೂರಿನಲ್ಲೇ, ನಿಮ್ಹಾನ್ಸ್‌ನಲ್ಲೇ ನಡೆದ ಒಂದು ಅಧ್ಯಯನ. ಆರ್. ರಘುರಾಮ್, ಮಿಚೆಲ್ ವೈಸ್, ಚನ್ನಬಸವಣ್ಣ ಮತ್ತು ಸಂಗಡಿಗರು ಹೊರರೋಗಿಗಳಾಗಿ ಬಂದ 80 ಜನರನ್ನು ಬಿಡುವಾಗಿ ಕೂರಿಸಿಕೊಂಡು ಮಾತನಾಡಿಸಿ 1996ರಲ್ಲಿ ಪ್ರಕಟಿಸಿದ್ದು ಅದು. ಅದು ವಯಸ್ಸಾದವರ ಬಗ್ಗೆಯೇ ಮಾಡಿದ ಅಧ್ಯಯನವಲ್ಲ, ಆದರೂ ಇಲ್ಲಿ ಬೇಕು. ಖಿನ್ನತೆಯ ಲಕ್ಷಣ ಹೆಚ್ಚಿದ್ದಷ್ಟೂ ರೋಗಿಗಳಲ್ಲಿ ಕಳಂಕದ ಭಾವ ಹೆಚ್ಚಿತ್ತು. ಮೈಯ ಲಕ್ಷಣಗಳು ಹೆಚ್ಚಿದ್ದಷ್ಟೂ ಅದು ಕಡಿಮೆಯಿತ್ತು. ತಲೆನೋವು, ಎದೆಯುರಿ ಯಾರಿಗೆ ಬೇಕಾದರೂ ಬರಬಹುದು, ಹೇಳಿಕೊಳ್ಳಲು ಸಂಕೋಚವಿಲ್ಲ. ಮನಸ್ಸು ಕುಸಿದಿದೆ ಎಂಬ ಮಾತು ಹೊರಗೆ ಬಿದ್ದರೆ ಮನೆಯ ಮದುವೆ ಸಂಬಂಧಕ್ಕೂ ತೊಡಕು. ಹಾಗಾದರೆ ಮೈನೋವನ್ನು ಮುಂದಿಡುವುದು ಅಜ್ಞಾನದಿಂದಲ್ಲ, ತಿಳಿದೇ. ಮನೆಯವರ ಮಾನ ಕಾಯಲು ರೋಗಿ ಮಾಡಿಕೊಂಡ ಎಚ್ಚರಿಕೆಯ ಆಯ್ಕೆ ಅದು.

ವಿಶ್ವ ಆರೋಗ್ಯ ಸಂಸ್ಥೆ 14 ದೇಶಗಳಲ್ಲಿ ನಡೆಸಿದ ಅಧ್ಯಯನವನ್ನು ಆಧರಿಸಿ ಗ್ರೆಗರಿ ಸೈಮನ್ ಮತ್ತು ಸಂಗಡಿಗರು 1999ರಲ್ಲಿ ಬರೆದ ಲೇಖನ ಇದಕ್ಕೆ ಇನ್ನೊಂದು ಮುಖ ಕೊಡುತ್ತದೆ. ಬೆಂಗಳೂರೂ ಆ ಕೇಂದ್ರಗಳಲ್ಲಿ ಒಂದಾಗಿತ್ತು, ಪ್ಯಾರಿಸ್, ಸಿಯಾಟಲ್, ನಾಗಸಾಕಿಗಳೂ ಇದ್ದವು. ಖಿನ್ನತೆ ಇದ್ದ 1146 ಜನರಲ್ಲಿ 69 ಶೇಕಡಾ ಮಂದಿ ವೈದ್ಯರ ಬಳಿ ಬಂದಾಗ ಹೇಳಿಕೊಂಡದ್ದು ಬರೀ ದೇಹದ ದೂರು. ಇದು ಪೂರ್ವದೇಶಗಳ ಜನರಿಗಷ್ಟೇ ಅಂಟಿದ್ದಲ್ಲ, ಎಲ್ಲ ಕಡೆಯೂ ಇದ್ದದ್ದೇ. ನೇರವಾಗಿ ಕೇಳಿದಾಗಲೂ ಮನಸ್ಸಿನ ತೊಂದರೆಯೇ ಇಲ್ಲ ಎಂದವರು 11 ಶೇಕಡಾ ಮಾತ್ರ. ಇನ್ನೂ ಒಂದು ಅಂಶವನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುತ್ತೇನೆ. ರೋಗಿಗೂ ವೈದ್ಯರಿಗೂ ವರ್ಷಗಳ ಪರಿಚಯವಿರುವ ವ್ಯವಸ್ಥೆ ಇದ್ದ ಕಡೆ ಬರೀ ದೇಹದ ದೂರು ಹೇಳುವವರು ಕಡಿಮೆ, ಅಂಥ ಪರಿಚಯವಿಲ್ಲದ ಕಡೆ ಹೆಚ್ಚು. ಸಂಸ್ಕೃತಿ ಸಂಸ್ಕೃತಿ ಎಂದು ನಾವು ಹೇಳುವುದರಲ್ಲಿ ಒಂದು ಪಾಲು, ಎದುರು ಕೂತವರು ನಮ್ಮವರೇ ಎಂಬ ನಂಬಿಕೆ ಇದೆಯೋ ಇಲ್ಲವೋ ಎಂಬುದಷ್ಟೇ. ಊರಿನಲ್ಲಿ ಒಬ್ಬರೇ ಡಾಕ್ಟರಿದ್ದು, ಅವರು ಮನೆಮಂದಿಯ ಹೆಸರು ಹಿಡಿದು ವಿಚಾರಿಸುತ್ತಿದ್ದ ಕಾಲವನ್ನು ನೆನೆದರೆ ಈ ಮಾತು ಅರ್ಥವಾಗುತ್ತದೆ.

ಇಷ್ಟೆಲ್ಲ ಏರುಪೇರು ಇರುವಾಗ ಪತ್ರಿಕೆಗಳಲ್ಲಿ ಬರುವ ಶೇಕಡಾವಾರು ಅಂಕಿಗಳನ್ನು ಹೇಗೆ ಓದಬೇಕು? ದೇಶದ ದೊಡ್ಡ ಸಮೀಕ್ಷೆಯನ್ನೇ ನೋಡೋಣ. ಲಾಸಿ ಎಂದು ಕರೆಯುವ, ಮುಪ್ಪಿನ ಬಗೆಗಿನ ದೀರ್ಘಾವಧಿ ಸಮೀಕ್ಷೆಯ ಮೊದಲ ಸುತ್ತಿನಲ್ಲಿ, 2017-18ರಲ್ಲಿ, 45 ದಾಟಿದ 72 ಸಾವಿರಕ್ಕೂ ಹೆಚ್ಚು ಜನರನ್ನು ಮಾತನಾಡಿಸಿದರು. ತಮಗೆ ಖಿನ್ನತೆ ಇದೆ ಎಂದು ವೈದ್ಯರು ಹೇಳಿದ್ದಾರೆ ಎಂದವರು 0.8 ಶೇಕಡಾ. ಸಂದರ್ಶನದ ಒಂದು ಪ್ರಶ್ನಾವಳಿಯ ಪ್ರಕಾರ 60 ದಾಟಿದವರಲ್ಲಿ ಖಿನ್ನತೆ ಇರಬಹುದಾದವರು 8.3 ಶೇಕಡಾ. ಅದೇ ಸಮೀಕ್ಷೆಯಲ್ಲಿ ಸಿಇಎಸ್-ಡಿಯ 10 ಪ್ರಶ್ನೆಗಳ ರೂಪವನ್ನೂ ಬಳಸಿದ್ದರು, ಅದರ ಲೆಕ್ಕ ಹಿಡಿದರೆ ಪ್ರಮಾಣ ಇದರ ಎರಡು ಪಟ್ಟಿಗೂ ಹೆಚ್ಚು. ಅದೇ ಮನೆ, ಅದೇ ಜನ, ಅದೇ ದಿನ. ಮೊದಲನೆಯ ಪ್ರಶ್ನಾವಳಿ ಬಾಗಿಲಲ್ಲೇ ತಡೆದು, ಕಳೆದ ವರ್ಷದಲ್ಲಿ ಎರಡು ವಾರ ಎಡೆಬಿಡದೆ ದುಃಖದಲ್ಲಿ ಇದ್ದಿರಾ, ಆಸಕ್ತಿ ಕಳೆದುಕೊಂಡಿದ್ದಿರಾ ಎಂದು ಕೇಳುತ್ತದೆ. ಇಲ್ಲ ಎಂದರೆ ಮುಂದಿನ ಪ್ರಶ್ನೆಗಳೇ ಇಲ್ಲ. ನಮ್ಮ ಯಜಮಾನರು ಅಲ್ಲಿಂದಲೇ ಹಿಂದಿರುಗುತ್ತಾರೆ. ಎರಡನೆಯದು ಕಳೆದ ಒಂದು ವಾರದ ಸುಸ್ತು, ಭರವಸೆ ಎಲ್ಲವನ್ನೂ ಕೂಡಿಸುತ್ತದೆ. ಅಲ್ಲಿ ನಮ್ಮ ಅಜ್ಜಿಯೂ ಒಳಗೆ ಸೇರಿಯಾರು.

ಲ್ಯಾಟಿನ್ ಅಮೆರಿಕದಲ್ಲಿ ಈ ಅಂತರ ಇನ್ನೂ ದೊಡ್ಡದಾಗಿ ಕಂಡಿತು. ಪೆರು, ಮೆಕ್ಸಿಕೊ, ವೆನೆಜುವೆಲಾಗಳ ಹಿರಿಯರ ಬಗ್ಗೆ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಮೆರಿಕನ್ ಮನೋವೈದ್ಯರ ಕಟ್ಟುನಿಟ್ಟಿನ ಲಕ್ಷಣಪಟ್ಟಿಯಂತೆ ಖಿನ್ನತೆ ಇದ್ದವರು 3 ಶೇಕಡಾಕ್ಕಿಂತ ಕಡಿಮೆ. ಅದೇ ಜನರನ್ನು ಹಿರಿಯರಿಗಾಗಿಯೇ ರೂಪಿಸಿದ ಇನ್ನೊಂದು ವಿಧಾನದಲ್ಲಿ ಅಳೆದಾಗ 30 ಶೇಕಡಾ ಮೀರಿತು. ಹೀಗಾಗಿ ಭಾರತದ ವೃದ್ಧರಲ್ಲಿ ಇಷ್ಟು ಮಂದಿ ಖಿನ್ನರು, ಜಪಾನಿನಲ್ಲಿ ಇಷ್ಟು, ಅಮೆರಿಕದಲ್ಲಿ ಇಷ್ಟು ಎಂದು ಸಾಲಾಗಿ ಬರೆದು ಹೋಲಿಸುವ ಸುದ್ದಿಗಳನ್ನು ನಾನು ನಂಬುವುದಿಲ್ಲ. ಯಾವ ಪಟ್ಟಿ, ಎಲ್ಲಿ ಗೆರೆ, ಯಾರು ಕೇಳಿದರು ಎಂಬ ಮೂರು ವಿವರ ಇಲ್ಲದ ಶೇಕಡಾವಾರು ಅಂಕಿಗೆ ಬೆಲೆಯಿಲ್ಲ.

ನಮ್ಮ ಮನೆಬಾಗಿಲಿಗೇ ಬರುವ ಪಟ್ಟಿಯೂ ಒಂದಿದೆ. 30 ದಾಟಿದವರ ಆರೋಗ್ಯ ವಿಚಾರಿಸಲು ಆಶಾ ಕಾರ್ಯಕರ್ತೆಯರು ತುಂಬುವ ಸಿಬ್ಯಾಕ್ ಎಂಬ ಫಾರಂನ ಕೊನೆಯ ಭಾಗದಲ್ಲಿ ಮನಸ್ಸಿನ ಬಗ್ಗೆ ಎರಡು ಪ್ರಶ್ನೆಗಳಿವೆ: ಕಳೆದ ಎರಡು ವಾರದಲ್ಲಿ ಕೆಲಸಗಳಲ್ಲಿ ಆಸಕ್ತಿ ಕಡಿಮೆಯಾಗಿತ್ತೇ, ಮನಸ್ಸು ಕುಗ್ಗಿ ಭರವಸೆ ಹೋಗಿತ್ತೇ ಎಂದು. ಇಲ್ಲವೇ ಇಲ್ಲ, ಕೆಲವು ದಿನ, ಅರ್ಧಕ್ಕಿಂತ ಹೆಚ್ಚು ದಿನ, ಹೆಚ್ಚುಕಡಿಮೆ ದಿನವೂ ಎಂಬ ನಾಲ್ಕು ಆಯ್ಕೆ. ಮೊತ್ತ 3 ದಾಟಿದರೆ ಆರೋಗ್ಯ ಕೇಂದ್ರಕ್ಕೆ ಕಳಿಸಬೇಕು. ಅಮೆರಿಕದಲ್ಲಿ ರೂಪುಗೊಂಡ ಪಿಎಚ್‌ಕ್ಯೂ ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯಿಂದ ಎತ್ತಿಕೊಂಡ ಮೊದಲ ಎರಡು ಇವು. ಪೂರ್ಣ ಪಟ್ಟಿಯಲ್ಲಿ ಗಮನ ಚೆದರುವುದರ ಉದಾಹರಣೆಗೆ ಪತ್ರಿಕೆ ಓದುವುದನ್ನೂ ಟಿವಿ ನೋಡುವುದನ್ನೂ ಕೊಟ್ಟಿದ್ದಾರೆ. ಅಕ್ಷರ ಬಾರದ, ದಿನವೆಲ್ಲ ಕುರಿ ಕಾಯುವ ಅಜ್ಜನಿಗೆ ಅದನ್ನು ಹೇಗೆ ಕೇಳುವುದು?

ಆ ಎರಡು ಪ್ರಶ್ನೆಗಳು ಸರ್ಕಾರದ ಪಟ್ಟಿಗೆ ಬಂದದ್ದೇ ದೊಡ್ಡ ವಿಷಯ, ಅದನ್ನು ಹಗುರ ಮಾಡುವುದಿಲ್ಲ. ಆದರೆ ಅವುಗಳನ್ನು ಕೇಳುವ ಸನ್ನಿವೇಶ ನೋಡಿ. ಜಗಲಿಯ ಮೇಲೆ ಅತ್ತೆ, ಬಾಗಿಲಲ್ಲಿ ಸೊಸೆ, ಮಗ ಆಗತಾನೆ ಹೊಲದಿಂದ ಬಂದಿದ್ದಾನೆ, ಎದುರುಮನೆಯಾಕೆಯೂ ಏನು ಬರೆದುಕೊಳ್ಳುತ್ತಿದ್ದಾರೆ ಎಂದು ಬಂದು ನಿಂತಿದ್ದಾಳೆ. ಎಲ್ಲರ ಎದುರು "ಮನಸ್ಸು ಕುಗ್ಗಿದೆ" ಎಂದರೆ ಮಗ ಸೊಸೆಯ ಮೇಲೆ ದೂರು ಹೇಳಿದ ಹಾಗೆ. ಆ ತಾಯಿ ಎಂದೂ ಹಾಗೆ ಹೇಳಲಾರರು. ಬೀಡಿ, ಸಕ್ಕರೆ ಕಾಯಿಲೆ, ಕೆಮ್ಮು ಎಲ್ಲ ವಿಚಾರಿಸಿ ಕೊನೆಗೆ ಈ ಪ್ರಶ್ನೆಗೆ ಬರುವ ಹೊತ್ತಿಗೆ ಆಶಾ ಕಾರ್ಯಕರ್ತೆಗೆ ಮುಂದಿನ ಮನೆಯ ಅವಸರ. ಅವರನ್ನು ದೂರುವಂತಿಲ್ಲ. ಅವರಿಗೆ ಸಿಗುವ ಸಮಯ, ತರಬೇತಿ, ಗೌರವಧನ ಎಲ್ಲವೂ ಕಡಿಮೆಯೇ.

ಇದನ್ನು ಸರಿಪಡಿಸಿದವರೂ ಇದ್ದಾರೆ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಮೇರಿ ಗಂಗೂಲಿ ಮತ್ತು ಸಂಗಡಿಗರು, ಬಹುಪಾಲು ಓದುಬರಹ ಬಾರದ ವೃದ್ಧರಿಗಾಗಿ ಮೊದಲು ನೆನಪಿನ ಪರೀಕ್ಷೆಯನ್ನು, ಆಮೇಲೆ 1999ರಲ್ಲಿ ಖಿನ್ನತೆಯ ಪಟ್ಟಿಯನ್ನು ಹಿಂದಿಗೆ ಒಗ್ಗಿಸಿದರು. ಜಿಂಬಾಬ್ವೆಯಲ್ಲಿ ವಿಕ್ರಮ್ ಪಟೇಲ್ ಮತ್ತು ಅಲ್ಲಿನ ಸಂಶೋಧಕರು ಪರದೇಶದ ಪಟ್ಟಿಯನ್ನೇ ನೆಚ್ಚಿಕೊಳ್ಳಲಿಲ್ಲ. ಆರೋಗ್ಯ ಕೇಂದ್ರಕ್ಕೂ ನಾಟಿ ವೈದ್ಯರ ಬಳಿಗೂ ಬರುವ ಜನ ತಮ್ಮ ಸಂಕಟವನ್ನು ಯಾವ ಮಾತಿನಲ್ಲಿ ಹೇಳುತ್ತಾರೆಂದು ಕಲೆಹಾಕಿ, ಅದರಿಂದಲೇ 14 ಪ್ರಶ್ನೆಗಳ ಶೋನಾ ಭಾಷೆಯ ಪಟ್ಟಿಯನ್ನು 1997ರಲ್ಲಿ ಹೊರತಂದರು. ವಿಪರೀತ ಯೋಚನೆ ಮಾಡುವುದು ಎಂಬುದು ಅದರ ಮುಖ್ಯ ಲಕ್ಷಣಗಳಲ್ಲಿ ಒಂದು. ನಮ್ಮಲ್ಲೂ "ಬಾಳ ಮನಸಿಗೆ ಹಚ್ಕೊಂಡಾರ್ರಿ" ಎನ್ನುವುದಿಲ್ಲವೇ? ಆಸ್ಟ್ರೇಲಿಯಾದ ಕಿಂಬರ್ಲಿಯಲ್ಲಿ ಮೂಲನಿವಾಸಿ ಹಿರಿಯರಿಗಾಗಿ ಅವರ ಸಮುದಾಯದವರ ಜೊತೆ ಕೂತು 11 ಪ್ರಶ್ನೆಗಳ ಪಟ್ಟಿ ಮಾಡಿದ್ದಾರೆ, ಮನೋವೈದ್ಯರು ಸ್ವತಃ ಮಾತನಾಡಿಸಿ ಕಂಡುಕೊಂಡದ್ದಕ್ಕೆ ಅದನ್ನು ತಾಳೆ ಹಾಕಿಯೂ ನೋಡಿದ್ದಾರೆ.

ಈ ವಾದದಲ್ಲಿ ಒಂದು ಅಪಾಯವಿದೆ, ಅದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಪಟ್ಟಿಗಳು ಪರದೇಶದವು, ನಮ್ಮ ಹಿರಿಯರು ಹಾಗೇನಿಲ್ಲ ಎಂದು ಕೈತೊಳೆದುಕೊಳ್ಳುವುದು ಬಹಳ ಸುಲಭ. "ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ" ಎಂಬ ಮಾತು ಯಾವ ಪ್ರಶ್ನಾವಳಿಗಿಂತಲೂ ದೊಡ್ಡ ಪಕ್ಷಪಾತ, ಅದು ಪೂರ್ತಿ ನಮ್ಮದೇ. ಊಟ ಬಿಟ್ಟಿದ್ದಾರೆ, ಮಾತು ಬಿಟ್ಟಿದ್ದಾರೆ, ಗೋಡೆಗೆ ಮುಖ ಮಾಡಿ ಮಲಗಿರುತ್ತಾರೆ ಎಂದರೆ ಅದು ವೈರಾಗ್ಯವಲ್ಲ. ಆಸೆ ಬಿಟ್ಟವರು ಹಗುರವಾಗುತ್ತಾರೆ, ಖಿನ್ನರಾದವರು ಕುಸಿಯುತ್ತಾರೆ. ಮನೆಯಲ್ಲಿ ಜೊತೆಗಿರುವವರಿಗೆ ಈ ವ್ಯತ್ಯಾಸ ಕಾಣುತ್ತದೆ, ನೋಡಬೇಕಷ್ಟೆ. ಕಾಡು ಬಾ ಅನ್ನುತ್ತದೆ ಎಂದು ನಗುತ್ತಾ ಹೇಳುವುದು ಬೇರೆ. ಸಾಯಬೇಕು ಎಂದು ಪದೇ ಪದೇ ಹೇಳುವುದು, ಮಾತ್ರೆ ಕೂಡಿಡುವುದು, ಇದ್ದಕ್ಕಿದ್ದಂತೆ ಒಡವೆ ಹಣ ಹಂಚಲು ತೊಡಗುವುದು ಬೇರೆ. ಎರಡನೆಯದು ಕಂಡರೆ ಯಾವ ಅಂಕಕ್ಕೂ ಕಾಯಬಾರದು.

ಹಿಡಿದು ಎತ್ತಿದರೆ ಏಳುತ್ತಾರೆ ಎಂಬುದಕ್ಕೆ ಗೋವಾದಲ್ಲಿ ಒಳ್ಳೆಯ ಪುರಾವೆಯಿದೆ. ಇನ್ನೂ ಪೂರ್ಣ ಖಿನ್ನತೆಗೆ ಜಾರದ, ಆದರೆ ಅದರ ಅಂಚಿನಲ್ಲಿದ್ದ 60 ದಾಟಿದ 181 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನ ಮನೆಗಳಿಗೆ ವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯ ಸಲಹೆಗಾರರು ಹೋಗಿ ಬಂದರು. ನಿದ್ದೆ ಸರಿಪಡಿಸುವ ಕ್ರಮ ಹೇಳಿಕೊಟ್ಟರು, ಸಕ್ಕರೆ ಕಾಯಿಲೆಯಂಥವನ್ನು ನಿಭಾಯಿಸುವುದನ್ನು ಕಲಿಸಿದರು, ಎದುರಾದ ಸಮಸ್ಯೆಗಳನ್ನು ಒಂದೊಂದಾಗಿ ಬಿಡಿಸಲು ಜೊತೆಗೂಡಿದರು, ಸರ್ಕಾರಿ ಸವಲತ್ತು ಕೊಡಿಸಲು ನೆರವಾದರು. ಒಂದು ವರ್ಷದ ಕೊನೆಗೆ ಈ ಗುಂಪಿನಲ್ಲಿ ಖಿನ್ನತೆಗೆ ಜಾರಿದವರು 4.4 ಶೇಕಡಾ, ಇನ್ನೊಂದರಲ್ಲಿ 14.4 ಶೇಕಡಾ ಎಂದು 2019ರ ವರದಿ ಹೇಳುತ್ತದೆ. ಗಮನಿಸಿ, ಅವರು ನಿದ್ದೆಯ ಮೂಲಕ, ದೇಹದ ಕಾಯಿಲೆಯ ಮೂಲಕ ಒಳಹೊಕ್ಕರು. ಅಳೆಯುವವರು ಮುಚ್ಚಿದ ಬಾಗಿಲನ್ನೇ ಆರೈಕೆ ಮಾಡುವವರು ತೆರೆದರು.

ನಮ್ಮ ರಾಜ್ಯದಲ್ಲಿ ನಿಮ್ಹಾನ್ಸ್ ಇದೆ, ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಹುಟ್ಟಿ ಈಗ ಹಿರಿಯರಾಗಿರುವವರನ್ನು ಹುಡುಕಿ ಅವರ ಮನಸ್ಸು, ನೆನಪುಗಳ ಅಧ್ಯಯನ ನಡೆದಿದೆ, ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಸಾವಿರಾರು ಜನರನ್ನು ವರ್ಷಾನುಗಟ್ಟಲೆ ಗಮನಿಸುತ್ತಿದೆ. ಕನ್ನಡದ ಹಿರಿಯರ ಬಾಯಿಂದಲೇ ಬಂದ ಮಾತುಗಳಿಂದ, ಕಲಬುರಗಿಗೂ ಕರಾವಳಿಗೂ ಮಂಡ್ಯಕ್ಕೂ ಹೊಂದುವಂತೆ ಪರೀಕ್ಷಿಸಿದ ಒಂದು ಪಟ್ಟಿಯನ್ನು ರೂಪಿಸಲು ಬೇಕಾದ ಜ್ಞಾನ ಇಲ್ಲೇ ಇದೆ. ಆರೋಗ್ಯ ಇಲಾಖೆ ಇದನ್ನು ಕೈಗೆತ್ತಿಕೊಳ್ಳಬೇಕು, ಆಶಾ ಕಾರ್ಯಕರ್ತೆಯರಿಗೆ ಆ ಪ್ರಶ್ನೆಗಳನ್ನು ಕೇಳಲು ಬೇಕಾದ ಸಮಯವನ್ನೂ ಸಂಭಾವನೆಯನ್ನೂ ಕೊಡಬೇಕು.

ಓದುಗರಲ್ಲಿ ನನ್ನ ಕೋರಿಕೆ ಚಿಕ್ಕದು. ಆಶಾ ಕಾರ್ಯಕರ್ತೆ ನಿಮ್ಮ ಮನೆಗೆ ಬಂದಾಗ ಅವರನ್ನೂ ನಿಮ್ಮ ತಾಯಿಯನ್ನೋ ಅತ್ತೆಯನ್ನೋ ಸ್ವಲ್ಪ ಹೊತ್ತು ಇಬ್ಬರನ್ನೇ ಬಿಟ್ಟು ಎದ್ದುಹೋಗಿ. ಅಪ್ಪನನ್ನು ಗ್ಯಾಸಿನ ಮಾತ್ರೆಗೆಂದು ಡಾಕ್ಟರ ಬಳಿ ಕರೆದೊಯ್ದಾಗ, ಅಮ್ಮ ತೀರಿಹೋದ ಮೇಲೆ ಅವರಿಗೆ ನಿದ್ದೆ ಊಟ ಸರಿಯಿಲ್ಲ ಎಂಬುದನ್ನೂ ಹೇಳಿ. ಡಾಕ್ಟರ ಬಳಿ ಹೋಗಲು ಅವರು ಒಪ್ಪದಿದ್ದರೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ ಕರೆ ಮಾಡಿ. ಸಂಖ್ಯೆ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು.